ಮೊಬೈಲ್ ಕೊಡು ಅಂದ್ರು, ಹುಡುಗ ಕೊಟ್ಟ. ಕೊಡಲೇಬೇಕಿತ್ತಾ?

ಬೈತಖೋಲದ ಬಲೆ

ಉದ್ದ ಆಗ್ತದೆ, ಸ್ವಲ್ಪ ತಡ್ಕೊಳ್ಳಿ.

ನನ್ನ ಅಕ್ಕನ ಮಗನಿಗೆ 22 ವರ್ಷ. ನಮ್ಮದೇ ಬೋಟಿನಲ್ಲಿ ಕೆಲಸ. ಎರಡು ತಿಂಗಳ ಮೀನುಗಾರಿಕೆ ಬಂದ್ ಮುಗೀತಾ ಬಂತು, ಆಗಸ್ಟ್ 1ಕ್ಕೆ ಕಡಲಿಗೆ ಇಳಿಬೇಕು ಅಂತ ಬಣ್ಣ ಹೊಡೆಸಿ, ಎಂಜಿನ್ ಬಿಚ್ಚಿ ಕೂರಿಸಿ ಎಲ್ಲ ಆಯ್ತು. ಡೀಸೆಲ್ ಸಬ್ಸಿಡಿ ಕಾಗದಕ್ಕೆ, ವಿಮೆಗೆ ಬೇಕು ಅಂತ ಎಂಜಿನ್ ನಂಬರ್ ಪ್ಲೇಟು, ಬೋಟಿನ ಎರಡೂ ಬದಿ ಫೋಟೋ ಹೊಡ್ಕೊಂಡು ಬಾ ಅಂತ ನಾನೇ ಕಳಿಸಿದ್ದೆ. ಭಾನುವಾರ ಸಂಜೆ, ಮಳೆ ಬಿಟ್ಟಿತ್ತು.

ವಾಪಸ್ ಬರುವಾಗ ಬೈಕಲ್ಲಿ ಬಂದ ಇಬ್ಬರು ನಿಲ್ಲಿಸಿದ್ದಾರೆ. ಒಬ್ಬರು ಯೂನಿಫಾರ್ಮಿನಲ್ಲಿ, ಮೇಲೆ ರೇನ್‌ಕೋಟ್, ಹೆಸರಿನ ಪಟ್ಟಿ ಕಾಣೋದಿಲ್ಲ. ಇನ್ನೊಬ್ಬರು ಚೆಕ್ಸ್ ಶರ್ಟು. "ಮೊಬೈಲ್ ತೆಗಿ. ಲಾಕ್ ತೆಗಿ." ಹುಡುಗ ಮೀನುಗಾರರ ಕಾರ್ಡ್ ತೋರಿಸಿದ. ಅದನ್ನ ನೋಡ್ಲೂ ಇಲ್ಲ. ಇಪ್ಪತ್ತು ನಿಮಿಷ ಗ್ಯಾಲರಿ, ವಾಟ್ಸಾಪ್ ಎಲ್ಲ ಉಜ್ಜುತ್ತಾ ಕೂತರಂತೆ. ಒಂದು ಹುಡುಗಿ ಕಳಿಸಿದ ವಾಯ್ಸ್ ಮೆಸೇಜನ್ನ ಸ್ಪೀಕರಲ್ಲಿ ಹಾಕಿ ಇಬ್ಬರೂ ನಕ್ಕರಂತೆ. ಆಮೇಲೆ "ಹಿಂದೆ ಜೆಟ್ಟಿ ಕಾಣ್ತದೆ" ಅಂತ 41 ಫೋಟೋ ಅಳಿಸಿ, ಹೆಸರು, ನಂಬರ್ ಒಂದು ಕಿಸೆ ಡೈರಿಯಲ್ಲಿ ಬರ್ಕೊಂಡು, "ಸೆಕ್ಯುರಿಟಿ ವಿಷಯ, ಸುಮ್ನೆ ಮನೆಗೆ ಹೋಗು" ಅಂದಿದ್ದಾರೆ. ಕಾಗದ ಇಲ್ಲ, ರಶೀದಿ ಇಲ್ಲ.

ಕಾರವಾರದ ನೌಕಾನೆಲೆ ನಮ್ಮ ಪಕ್ಕದಲ್ಲೇ ಉಂಟು, ನಮಗೂ ಗೊತ್ತಿದೆ. ಸೀಬರ್ಡ್ ಅನ್ನೋ ಆ ನೆಲೆಯ ಯೋಜನೆಗೆ ನಮ್ಮ ಚಿಕ್ಕಪ್ಪನ ಮನೆ, ತೆಂಗಿನ ತೋಟ ಎರಡೂ ಹೋಗಿವೆ. ದೇಶದ ಕೆಲಸಕ್ಕೆ ಕೊಟ್ಟೆವು ಅಂತ ಅವರು ಇವತ್ತಿಗೂ ಹೇಳ್ತಾರೆ. ನಾನು ಕೇಳೋದು ಇಷ್ಟೇ: ಹೀಗೆ ರಸ್ತೆಯಲ್ಲಿ ನಿಲ್ಲಿಸಿ ಫೋನ್ ಬಿಚ್ಚಿ ನೋಡೋಕೆ ಅವರಿಗೆ ಅಧಿಕಾರ ಉಂಟಾ? ಹುಡುಗ "ಇಲ್ಲ" ಅಂದಿದ್ದರೆ ಏನಾಗ್ತಿತ್ತು?

ಕಾಳಿ_ಸಂಗಮ

"ಇಲ್ಲ" ಅಂದಿದ್ರೆ ಏನಾಗ್ತಿತ್ತು ಅಂತ ನಿಮಗೂ ಗೊತ್ತು, ನಮಗೂ ಗೊತ್ತು 😐

ಗುಂಡಬಾಳಾ

ಮೊದ್ಲು ಫೋಟೋ ವಾಪಸ್ ತಗೊಳ್ಳಿ ಮಾರಾಯ್ರೆ, ಕಾನೂನು ಆಮೇಲೆ. ಅಳಿಸಿದ ಫೋಟೋ ತಕ್ಷಣ ಹೋಗೋದಿಲ್ಲ. ಗ್ಯಾಲರಿಯಲ್ಲಿ ಟ್ರ್ಯಾಶ್ ಅಂತ ಇರ್ತದೆ, ಸುಮಾರು ಒಂದು ತಿಂಗಳು ಅಲ್ಲೇ ಬಿದ್ದಿರ್ತದೆ. ಅದನ್ನೂ ಖಾಲಿ ಮಾಡಿದ್ರೆ ಮಾತ್ರ ಕಷ್ಟ.

ಅಂಕೋಲಾ ಮಾಜಿ ನಾವಿಕ

ನಾನು 15 ವರ್ಷ ಸೇವೆ ಮಾಡಿ ಬಂದವನು. ಬೇಜಾರಾದ್ರೂ ಹೇಳ್ತೇನೆ. ನಿಮ್ಮ ಹುಡುಗನಿಗೆ ಅದು ಬರೀ ಬೋಟಿನ ಫೋಟೋ. ನೋಡುವವನಿಗೆ ಯಾವ ದಿನ ಯಾವ ಹಡಗು ಎಲ್ಲಿ ನಿಂತಿತ್ತು ಅನ್ನೋದಕ್ಕೆ ಅದೇ ಪುರಾವೆ. 2025ರ ಫೆಬ್ರವರಿಯಲ್ಲಿ ಎನ್‌ಐಎ ನಮ್ಮ ಜಿಲ್ಲೆಯ ಇಬ್ಬರನ್ನ ಹಿಡಿದದ್ದು ಮರೆತು ಹೋಯ್ತಾ? ನೆಲೆಯ ಮಾಹಿತಿ ಪಾಕಿಸ್ತಾನದ ಕಡೆಯವರಿಗೆ ಕೊಟ್ಟ ಆರೋಪ. ದೂರದ ಊರಿನವರಲ್ಲ, ನಮ್ಮವರೇ. ಮುಂಬೈ ದಾಳಿಗೆ ಬಂದವರು 2008ರಲ್ಲಿ ಹತ್ತಿದ್ದು ಪೋರಬಂದರದ 'ಕುಬೇರ್' ಅನ್ನೋ ಮೀನಿನ ಬೋಟನ್ನ. ಅದರಲ್ಲಿದ್ದ ಮೀನುಗಾರರನ್ನೇ ಕೊಂದು ಹಾಕಿದ್ರು. ಈ ಕಾರ್ಡು, ಟೋಕನ್ನು, ತಪಾಸಣೆ ಎಲ್ಲ ಅದರ ನಂತರ ಬಂದದ್ದು. ಇಪ್ಪತ್ತು ನಿಮಿಷದ ಕಿರಿಕಿರಿ ಸಹಿಸಿಕೊಳ್ಳಿ.

ಬೈತಖೋಲದ ಬಲೆ

ಅಣ್ಣಾ, ಕುಬೇರ್ ಕಥೆ ನಮ್ಮ ಬಂದರಿನಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಅದಕ್ಕೇ ಕಾರ್ಡ್ ಮಾಡಿಸ್ಕೊಂಡೆವು, ಬೆರಳಚ್ಚು ಕೊಟ್ಟೆವು, ಬೋಟಿಗೆ ಹೇಳಿದ ಯಂತ್ರ ಕೂರಿಸಿದೆವು. ಸಾಗರ ಕವಚ ಅಣಕು ಕಾರ್ಯಾಚರಣೆಯಲ್ಲಿ ಅನುಮಾನದ ಬೋಟ್ ಕಂಡ್ರೆ ಕರಾವಳಿ ಕಾವಲು ಪೊಲೀಸರ 1093ಕ್ಕೆ ಮೊದಲು ಫೋನ್ ಮಾಡೋದು ನಾವೇ. ಸಭೆಯಲ್ಲಿ ನಮಗೆ "ಕಡಲಿನ ಕಣ್ಣು, ಕಿವಿ" ಅಂತ ಶಾಲು ಹೊದಿಸ್ತಾರೆ. ಆ ಕಾರ್ಡ್ ತೋರಿಸಿದಾಗ ನೋಡದೇ ಇದ್ರೆ, ಅದನ್ನ ಮಾಡಿಸಿದ್ದು ಯಾಕೆ?

ಅಡಕೆ ಅಟ್ಟ (ಶಿರಸಿ)

ಮಾಜಿ ನಾವಿಕರೆ, ಒಂದು ಪ್ರಶ್ನೆ. ನೀವು ಹೇಳಿದ ಇಬ್ಬರು ಆರೋಪಿಗಳು ಒಳಗೇ ಗುತ್ತಿಗೆ ಕೆಲಸ ಮಾಡಿದವರು ಅಂತ ಪೇಪರಲ್ಲಿ ಓದಿದ ನೆನಪು. ಅವರನ್ನ ಹಿಡಿದದ್ದು ತಿಂಗಳುಗಟ್ಟಲೆ ತನಿಖೆ ಮಾಡಿ. ಬೈಕಲ್ಲಿ ಹೋಗಿ ಕಂಡವರ ವಾಯ್ಸ್ ಮೆಸೇಜ್ ಕೇಳಿ ಅಲ್ಲ.

ಅಂಕೋಲಾ ಮಾಜಿ ನಾವಿಕ

ಸಣ್ಣ ಸುಳಿವು ಎಲ್ಲಿಂದ ಸಿಗ್ತದೆ ಅಂತ ಹೇಳೋಕಾಗೋದಿಲ್ಲ. ವಾಯ್ಸ್ ಮೆಸೇಜ್ ಹಾಕಿ ನಕ್ಕಿದ್ದು ತಪ್ಪು. ಅದು ಒಪ್ತೇನೆ.

ಯಲ್ಲಾಪುರ_71

ಅಡಗಿಸೋದು ಏನೂ ಇಲ್ಲದವನಿಗೆ ಹೆದರಿಕೆ ಯಾಕೆ? ತೋರಿಸಿ ಹೋದ್ರಾಯ್ತು.

ಅಡಕೆ ಅಟ್ಟ (ಶಿರಸಿ)

ಹೌದಾ ಸ್ವಾಮಿ? ಹಾಗಾದ್ರೆ ನಿಮ್ಮ ಅಟ್ಟದಲ್ಲಿ ಚಾಲಿ ಅಡಕೆ ಎಷ್ಟು ಚೀಲ, ರಾಶಿ ಅಡಕೆ ಎಷ್ಟು ಚೀಲ ಉಂಟು ಅಂತ ಇಲ್ಲೇ ಬರೀರಿ ನೋಡ್ವ. ಘಟ್ಟದ ಮೇಲೆ ಯಾವ ಬೆಳೆಗಾರ ಅದನ್ನ ಪಕ್ಕದ ಮನೆಯವನಿಗೆ ಹೇಳಿದ್ದಾನೆ? ಕಳ್ಳಮಾಲು ಅಂತಲ್ಲ. ನಮ್ಮ ಮನೆ ಲೆಕ್ಕ ನಮ್ಮದು, ಅಷ್ಟೇ.

ಯಲ್ಲಾಪುರ_71

ಅಡಕೆ ಬೇರೆ, ದೇಶ ಬೇರೆ.

ಹೊಳೆದಂಡೆ ಭಟ್ರು

ಯಲ್ಲಾಪುರದವ್ರು ಚೀಲದ ಲೆಕ್ಕ ಹೇಳಿದ್ವಿಲ್ಲೆ ನೋಡಿ 😄

ಕುಮಟಾ ಕೋರ್ಟು

ವಕೀಲಿ ಮಾಡ್ತೇನೆ, ಹಾಗಾಗಿ ಸ್ವಲ್ಪ ಉದ್ದ ಬರೀತೇನೆ. ಫೀಸ್ ಇಲ್ಲ.

ರಸ್ತೆಯಲ್ಲಿ ಹೋಗುವವನ ಫೋನ್ ಬಿಚ್ಚಿಸಿ ನೋಡೋದಕ್ಕೆ ಯಾರಿಗೂ ಸಾರಾಸಗಟು ಅಧಿಕಾರ ಇಲ್ಲ. 2024ರ ಜುಲೈ 1ರಿಂದ ತನಿಖೆ, ಶೋಧ, ಬಂಧನ ಹೇಗೆ ಅಂತ ಹೇಳುವ ಹಳೇ ಕಾನೂನು ಸಿಆರ್‌ಪಿಸಿ ಜಾಗದಲ್ಲಿ ಬಿಎನ್‌ಎಸ್‌ಎಸ್ ಬಂದಿದೆ. ಅದರ 94ನೇ ಕಲಂ ಪ್ರಕಾರ ತನಿಖೆಗೆ ಬೇಕಾದ ದಾಖಲೆ, ಫೋನ್ ಕೇಳಬಹುದು, ಆದರೆ ಲಿಖಿತ ಆದೇಶ ಕೊಟ್ಟು. 106ನೇ ಕಲಂ ಪ್ರಕಾರ ಅಪರಾಧದ ಅನುಮಾನ ಇದ್ದರೆ ವಸ್ತು ಜಪ್ತಿ ಮಾಡಬಹುದು, ಆದರೆ ಮ್ಯಾಜಿಸ್ಟ್ರೇಟರಿಗೆ ವರದಿ ಹೋಗಬೇಕು. 105ನೇ ಕಲಂ ಇನ್ನೂ ಹೊಸದು: ಶೋಧ, ಜಪ್ತಿ ಆಗುವಾಗ ವಿಡಿಯೋ ಚಿತ್ರೀಕರಣ ಆಗಬೇಕು. ಅಂದ್ರೆ ಅವತ್ತು ಕ್ಯಾಮೆರಾ ಹಿಡೀಬೇಕಾಗಿದ್ದವರು ಅವರು, ನಿಮ್ಮ ಹುಡುಗ ಅಲ್ಲ.

ನಮ್ಮ ಹೈಕೋರ್ಟ್ 2021ರ ಮಾರ್ಚಿನಲ್ಲಿ ಒಂದು ಪ್ರಕರಣದಲ್ಲಿ ಫೋನ್ ಶೋಧದ ಬಗ್ಗೆ ವಿವರವಾಗಿ ಹೇಳಿದೆ. ಸಾಮಾನ್ಯವಾಗಿ ಶೋಧದ ವಾರಂಟ್ ಬೇಕು. ತುರ್ತು ಇದ್ದರೆ ವಾರಂಟ್ ಇಲ್ಲದೆ ಮಾಡಬಹುದು, ಆದರೆ ಯಾಕೆ ತುರ್ತು ಅಂತ ಬರೆದಿಡಬೇಕು. ಅದೇ ತೀರ್ಪಿನಲ್ಲಿ ನಮಗೆ ಹಿಡಿಸದ ಮಾತೂ ಉಂಟು: ಪಾಸ್‌ವರ್ಡ್ ಕೊಡೋದು ತನ್ನ ಮೇಲೆ ತಾನೇ ಸಾಕ್ಷಿ ಹೇಳಿದ ಹಾಗಲ್ಲ ಅಂದಿದೆ. ಹಾಗಾಗಿ "ಎಂದಿಗೂ ಕೊಡಬೇಡಿ" ಅಂತ ವಾಟ್ಸಾಪಲ್ಲಿ ಬರುವ ಸಲಹೆ ನಂಬಬೇಡಿ.

ಇನ್ನು ಫೋಟೋ ಅಳಿಸಿದ್ದು. ನನಗೆ ನಿಜವಾಗಿ ಸಿಟ್ಟು ಬಂದದ್ದು ಇಲ್ಲಿ. ಆ ಫೋಟೋ ತೆಗೆದದ್ದು ಅಪರಾಧ ಅಂತಾದ್ರೆ ಅದು ಸಾಕ್ಷ್ಯ, ಅಳಿಸುವ ಹಾಗಿಲ್ಲ. ಅಪರಾಧ ಅಲ್ಲ ಅಂತಾದ್ರೆ ಅದು ಹುಡುಗನ ಸ್ವತ್ತು, ಆಗಲೂ ಅಳಿಸುವ ಹಾಗಿಲ್ಲ. ಯಾವ ಕಡೆಯಿಂದ ನೋಡಿದರೂ ಅಳಿಸೋದಕ್ಕೆ ದಾರಿ ಇಲ್ಲ.

ಚೆಂಡಿಯಾ ಚೌಕ

ಸರ್, ಅಧಿಕೃತ ರಹಸ್ಯ ಕಾಯ್ದೆ ಹಾಕ್ತೇವೆ ಅಂದ್ರೆ?

ಕುಮಟಾ ಕೋರ್ಟು

1923ರ ಕಾಯ್ದೆ. ನಿಷೇಧಿತ ಸ್ಥಳದ ಚಿತ್ರ ತೆಗೆಯೋದು 3ನೇ ಕಲಂನಲ್ಲಿ ಬರ್ತದೆ. ಆದರೆ ದೇಶದ ಸುರಕ್ಷತೆಗೆ ಧಕ್ಕೆ ತರುವ ಉದ್ದೇಶ ಇರಬೇಕು ಅಂತ ಕಲಂ ಶುರುವಾಗೋದೇ ಹಾಗೆ. ಕೊಕ್ಕೆ ಎಲ್ಲಿದೆ ಅಂದ್ರೆ, ಆ ಉದ್ದೇಶವನ್ನ ಸಂದರ್ಭ ನೋಡಿ ಊಹಿಸಬಹುದು ಅಂತಲೂ ಅದರಲ್ಲೇ ಇದೆ. ಬ್ರಿಟಿಷರ ಕಾಲದ ಬಲೆ, ಕಣ್ಣು ಬಹಳ ಸಣ್ಣದು. ಆದ್ರೆ ಆ ಹೆಸರು ಹೇಳಿ ಹೆದರಿಸುವವರೆಲ್ಲ ಆ ಕಾಯ್ದೆ ಓದಿರ್ತಾರೆ ಅಂತ ಅಂದ್ಕೋಬೇಡಿ. ಠಾಣೆಯೊಳಗೆ ವಿಡಿಯೋ ತೆಗೆದವನ ಮೇಲೂ ಇದನ್ನೇ ಹಾಕಿದ್ರು. 2022ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಪೊಲೀಸ್ ಠಾಣೆ ನಿಷೇಧಿತ ಸ್ಥಳ ಅಲ್ಲ ಅಂತ ಹೇಳಿ ಬಿಡ್ತು.

ಶೆಟ್ಲಿ ಪ್ರಿಯ

ನಿಷೇಧಿತ ಸ್ಥಳ ಅಂದ್ರೆ ನನಗೆ ರಣಹದ್ದು ನೆನಪಾಗ್ತದೆ. 2024ರ ನವೆಂಬರಲ್ಲಿ ಕಾರವಾರದಲ್ಲಿ ಮೈಮೇಲೆ ಟ್ರ್ಯಾಕರ್ ಇದ್ದ ಹದ್ದು ಬಂದು ಕೂತಿತ್ತಲ್ಲ, ಗೂಢಚಾರಿ ಹದ್ದು ಅಂತ ಇಡೀ ಊರೇ ಗುಲ್ಲು. ಕೊನೆಗೆ ನೋಡಿದ್ರೆ ಮಹಾರಾಷ್ಟ್ರದವರು ಅಧ್ಯಯನಕ್ಕೆ ಅಂತ ಟ್ರ್ಯಾಕರ್ ಕಟ್ಟಿ ಬಿಟ್ಟದ್ದು. ಪುಣ್ಯಕ್ಕೆ ಅದರ ಹತ್ರ ವಾಟ್ಸಾಪ್ ಇರ್ಲಿಲ್ಲ.

ಕಾಳಿ_ಸಂಗಮ

😂😂 ಹದ್ದಿಗಾದ್ರೂ ವಿಚಾರಣೆ ಆಗಿ ಕ್ಲೀನ್ ಚಿಟ್ ಸಿಕ್ತು. ಈ ಹುಡುಗನ ಹೆಸರು ಡೈರಿಯಲ್ಲೇ ಉಳೀತು.

ಗಂಗಾವಳಿ ಹುಡುಗಿ

ಎಲ್ಲರೂ ಹುಡುಗನ ಫೋನ್, ಹುಡುಗನ ಫೋಟೋ ಅಂತ ಮಾತಾಡ್ತಿದ್ದೀರಿ. ಆ ಹುಡುಗಿಯ ದನಿ? ಅವಳು ಒಬ್ಬನಿಗೆ ಅಂತ ಹೇಳಿದ್ದನ್ನ ರಸ್ತೆ ಬದಿಯಲ್ಲಿ ಇಬ್ಬರು ಅಪರಿಚಿತ ಗಂಡಸರು ಸ್ಪೀಕರ್ ಹಾಕಿ ಕೇಳಿದ್ದಾರೆ. ಅವಳನ್ನ ಯಾರೂ ನಿಲ್ಲಿಸಲಿಲ್ಲ, ಕಾರ್ಡ್ ಕೇಳಲಿಲ್ಲ, ಅವಳ ಮೇಲೆ ಅನುಮಾನವೂ ಇಲ್ಲ. ಆದ್ರೂ ಶೋಧ ಆದದ್ದು ಅವಳದ್ದೂ. ಒಂದು ಫೋನ್ ತೆರೆದ್ರೆ ಅದರೊಳಗೆ ಐವತ್ತು ಮನೆಯವರು ಇರ್ತಾರೆ. ನಮ್ಮ ಅಮ್ಮನ ರಕ್ತ ಪರೀಕ್ಷೆ ರಿಪೋರ್ಟ್, ತಂಗಿ ಹೊಸ ಸೀರೆ ಉಟ್ಟು "ಹೇಗಿದೆ" ಅಂತ ಕಳಿಸಿದ ಫೋಟೋ, ಎಲ್ಲ ನನ್ನ ಫೋನಲ್ಲಿದೆ. ನಾನು ತೋರಿಸ್ತೇನೆ ಅಂದ್ರೂ ಅವರ ಪರವಾಗಿ ಒಪ್ಪೋಕೆ ನಾನ್ಯಾರು?

ಬೈತಖೋಲದ ಬಲೆ

ತಂಗೀ, ಇದನ್ನ ನಾನು ಯೋಚನೆ ಮಾಡಿರ್ಲಿಲ್ಲ. ಹುಡುಗ ಎರಡು ದಿನದಿಂದ ಊಟ ಸರಿ ಮಾಡ್ತಿಲ್ಲ. ಫೋಟೋ ಹೋದದ್ದಕ್ಕೆ ಅಂತ ನಾನು ಅಂದ್ಕೊಂಡಿದ್ದೆ.

ಅಂಕೋಲಾ ಮಾಜಿ ನಾವಿಕ

ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ. ನಾವು ಹಡಗಿನಲ್ಲಿದ್ದಾಗ ಕಾಗದ ಸೆನ್ಸಾರ್ ಆಗ್ತಿತ್ತು, ಆದ್ರೆ ಗಟ್ಟಿಯಾಗಿ ಓದಿ ನಕ್ಕವರನ್ನ ನಾನು ಕಂಡಿಲ್ಲ.

ದೊಡ್ಮನೆ ದಾರಿ (ಸಿದ್ದಾಪುರ)

ನಮ್ಮ ಜಿಲ್ಲೆಯವರಿಗೆ ಇದು ಹೊಸ ವಿಷಯ ಅಲ್ಲ. ಫೋನ್ ಕದ್ದು ಕೇಳಿದ ಆರೋಪದಲ್ಲಿ ಮುಖ್ಯಮಂತ್ರಿ ಕುರ್ಚಿಯೇ ಹೋದದ್ದು ನಮ್ಮ ಸಿದ್ದಾಪುರದ ರಾಮಕೃಷ್ಣ ಹೆಗಡೆಯವರದ್ದು, 1988ರ ಆಗಸ್ಟಲ್ಲಿ. ಅವರ ಅಭಿಮಾನಿ ನಾನು, ನಮ್ಮನೆ ಜಗಲಿಯಲ್ಲಿ ಅವರ ಫೋಟೋ ಈಗಲೂ ಉಂಟು. ಆದ್ರೂ ಹೇಳ್ತೆ: ತುರ್ತು ಪರಿಸ್ಥಿತಿಯಲ್ಲಿ ತಾನೇ ಜೈಲು ಕಂಡ ಮನುಷ್ಯನ ಸರ್ಕಾರದಲ್ಲೇ ಹಾಗಾಯ್ತು. ಒಳ್ಳೆಯವರು ಕೂತಿದ್ದಾರೆ ಅಂತ ಕಾನೂನಿನ ಬೇಲಿ ತೆಗೆದಿಟ್ರೆ ಆಗ್ತಿಲ್ಲೆ.

ಹೊಳೆದಂಡೆ ಭಟ್ರು

ಹೆಗಡೆಯವರಿಗೆ ಗೊತ್ತಿದ್ದೇ ಆಯ್ತು ಅಂತ ಸಾಬೀತು ಆಗಿತ್ತಾ ತಮಾ? ಅವರ ವಿರೋಧಿಗಳು ಕಟ್ಟಿದ ಕಥೆ ಅಂತ ನಮ್ಮ ಅಪ್ಪಯ್ಯ ಸಾಯುವವರೆಗೂ ಹೇಳ್ತಿದ್ದ.

ದೊಡ್ಮನೆ ದಾರಿ (ಸಿದ್ದಾಪುರ)

ಭಟ್ರೆ, ಅದಕ್ಕೇ 'ಆರೋಪ' ಹೇಳಿ ಬರದ್ದು. ಜವಾಬ್ದಾರಿ ಹೊತ್ತು ರಾಜೀನಾಮೆ ಕೊಟ್ರಲ್ಲ, ಅದು ದೊಡ್ಡತನ. ಈಗ ಬೈಕಲ್ಲಿ ಬಂದವರು ಹೆಸರೂ ಹೇಳ್ತ್ವಿಲ್ಲೆ.

ಕುಮಟಾ ಕೋರ್ಟು

ಫೋನ್ ಕದ್ದಾಲಿಕೆ ಬಗ್ಗೆ ಸುಪ್ರೀಂ ಕೋರ್ಟ್ ಪಿಯುಸಿಎಲ್ ಅನ್ನೋ ನಾಗರಿಕ ಹಕ್ಕು ಸಂಘಟನೆಯ ಪ್ರಕರಣದಲ್ಲಿ ನಿಯಮ ಹಾಕಿದ್ದು 1996ರ ಡಿಸೆಂಬರಲ್ಲಿ. ಕೇಂದ್ರದ ಅಥವಾ ರಾಜ್ಯದ ಗೃಹ ಕಾರ್ಯದರ್ಶಿಯ ಆದೇಶ ಬೇಕು, ಎರಡು ತಿಂಗಳಿಗೆ ಮುಗೀತದೆ, ಮುಂದುವರಿಸಿದರೂ ಒಟ್ಟು ಆರು ತಿಂಗಳು ದಾಟುವ ಹಾಗಿಲ್ಲ, ಮೇಲೆ ಪರಿಶೀಲನಾ ಸಮಿತಿ. ತಮಾಷೆ ನೋಡಿ: ದೂರದಿಂದ ಫೋನ್ ಕೇಳೋಕೆ ಗೃಹ ಕಾರ್ಯದರ್ಶಿ ಸಹಿ ಬೇಕು. ಕೈಯಿಂದ ಕಸಿದು ಎಲ್ಲ ಓದೋಕೆ ರೇನ್‌ಕೋಟ್ ಸಾಕು.

ಖಾಸಗಿತನ ಮೂಲಭೂತ ಹಕ್ಕು ಅಂತ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ಕ್ಕೆ. ಆ ಅರ್ಜಿ ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹಕ್ಕಿಗೆ ಮಿತಿ ಇಲ್ಲ ಅಂತ ಕೋರ್ಟ್ ಹೇಳಲಿಲ್ಲ. ಮಿತಿ ಹಾಕೋದಾದ್ರೆ ಕಾನೂನಿನಲ್ಲಿ ಆಧಾರ ಇರಬೇಕು, ಸರಿಯಾದ ಉದ್ದೇಶ ಇರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು ಅಂತ ಹೇಳಿತು.

ಬೈತಖೋಲದ ಬಲೆ

ತಕ್ಕಷ್ಟೇ ಅನ್ನೋದು ನಮಗೆ ಚೆನ್ನಾಗಿ ಅರ್ಥ ಆಗ್ತದೆ ಸರ್. ಬಲೆಯ ಕಣ್ಣು ಇಷ್ಟಕ್ಕಿಂತ ಸಣ್ಣ ಇರಬಾರದು, ಮರಿ ಮೀನು ಬರಬಾರದು ಅಂತ ನಮಗೆ ಕಾನೂನು ಉಂಟು. ಮೀರಿದ್ರೆ ದಂಡ. ಅವರ ಬಲೆಗೂ ಕಣ್ಣಿನ ಅಳತೆ ಬೇಕಲ್ಲ.

ಶೆಟ್ಲಿ ಪ್ರಿಯ

ಮರಿ ಬಂಗಡೆ ಹಿಡಿದು ಫಿಶ್‌ಮೀಲಿಗೆ ಕಳಿಸುವವರೂ ನಿಮ್ಮಲ್ಲೇ ಇದ್ದಾರೆ, ಅದನ್ನೂ ಹೇಳಿ 🙂

ಬೈತಖೋಲದ ಬಲೆ

ಇದ್ದಾರೆ. ಅದಕ್ಕೆ ಬೇರೆ ಥ್ರೆಡ್ ಹಾಕು, ಅಲ್ಲಿ ನಾನೇ ಮೊದಲು ಬೈತೇನೆ.

ದೇವಿಕೆರೆ ದಂಡೆ (ಶಿರಸಿ)

ನಾನು ಸ್ವಲ್ಪ ಬೇರೆ ಹೇಳ್ತೇನೆ, ಎಲ್ಲರೂ ಸೇರಿ ಮೇಲೆ ಬೀಳಬೇಡಿ. 2017ರ ಡಿಸೆಂಬರಲ್ಲಿ ಶಿರಸಿಯಲ್ಲಿ ಗಲಾಟೆ ಆಯ್ತಲ್ಲ, ಅವತ್ತು ನನ್ನ ಅಂಗಡಿ ಪೇಟೆಯಲ್ಲೇ ಇತ್ತು. ಶಟರ್ ಎಳೆದು ಒಳಗೆ ಕೂತಿದ್ದೆ, ಕೆಲಸದ ಹುಡುಗಿ ನಡುಗ್ತಾ ಇದ್ಲು. ಹೊರಗೆ ಕಲ್ಲು ಬೀಳುವ ಸದ್ದು. 144 ಹಾಕಿ ಪೊಲೀಸರು ತುಂಬಿದ ಮೇಲೆ ಉಸಿರು ಬಂತು. ಅವತ್ತು ಯಾರಾದ್ರೂ ಬಂದು ನಾಗರಿಕ ಹಕ್ಕು ಅಂತ ಭಾಷಣ ಮಾಡಿದ್ರೆ ನಾನೇ ಬಾಗಿಲು ಹಾಕ್ತಿದ್ದೆ. ಭದ್ರತೆ ಅನ್ನೋದು ಬರೀ ನೆಪ ಅಂತ ಹೇಳುವವರಿಗೆ ಆ ಮಧ್ಯಾಹ್ನ ಗೊತ್ತಿಲ್ಲ.

ಅಡಕೆ ಅಟ್ಟ (ಶಿರಸಿ)

ನಾನೂ ಅವತ್ತು ಪೇಟೆಯಲ್ಲೇ ಸಿಕ್ಕಿಬಿದ್ದಿದ್ದೆ, ನೀವು ಹೇಳಿದ್ದು ಸತ್ಯ. ಆದ್ರೆ ಅವತ್ತು ಆದೇಶ ಅಂತ ಒಂದಿತ್ತು. ಮೈಕಲ್ಲಿ ಕೂಗಿ ಹೇಳಿದ್ರು, ಎಲ್ಲಿಂದ ಎಲ್ಲಿವರೆಗೆ, ಯಾವಾಗಿನವರೆಗೆ ಅಂತ ಊರಿಗೆ ಗೊತ್ತಿತ್ತು. ತಕರಾರು ಇದ್ದವ ಕೋರ್ಟಿಗೆ ಹೋಗಬಹುದಿತ್ತು. ಇಲ್ಲಿ ಬೈಕಲ್ಲಿ ಬಂದವರ ಆದೇಶ ಎಲ್ಲಿ?

ಕುಮಟಾ ಕೋರ್ಟು

ಸರಿಯಾದ ಜಾಗಕ್ಕೆ ಬಂದ್ರಿ. 144 ಈಗ ಬಿಎನ್‌ಎಸ್‌ಎಸ್ 163 ಆಗಿದೆ. ಕಾಶ್ಮೀರದ ಇಂಟರ್ನೆಟ್ ಬಂದ್ ಪ್ರಕರಣದಲ್ಲಿ, ಅನುರಾಧಾ ಭಸಿನ್ ತೀರ್ಪು, 2020ರ ಜನವರಿ 10, ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಇಂಥ ಆದೇಶ ಪ್ರಕಟಿಸಬೇಕು, ಜನ ಅದನ್ನ ಪ್ರಶ್ನಿಸುವಂತಿರಬೇಕು. ಅನಿರ್ದಿಷ್ಟ ಕಾಲ ಇಂಟರ್ನೆಟ್ ನಿಲ್ಲಿಸುವ ಹಾಗಿಲ್ಲ. ಒಂದರ ಮೇಲೊಂದು 144 ಹಾಕ್ತಾ ಹೋಗೋದು ಅಧಿಕಾರದ ದುರುಪಯೋಗ. ಭಿನ್ನಾಭಿಪ್ರಾಯ ಹತ್ತಿಕ್ಕೋಕೆ ಅದನ್ನ ಬಳಸಬಾರದು ಅಂತಲೂ ಇದೆ.

ಟೊಂಕ ತೀರ (ಹೊನ್ನಾವರ)

ಆ ಕೊನೆಯ ಸಾಲನ್ನ ದೊಡ್ಡ ಅಕ್ಷರದಲ್ಲಿ ಬರೆಸಿ ನಮ್ಮೂರಲ್ಲಿ ಹಾಕ್ಬೇಕು. ಕಾಸರಕೋಡಲ್ಲಿ ಬಂದರಿನ ರಸ್ತೆ ಸರ್ವೆ ಅಂತ ಬಂದಾಗ ನಿಷೇಧಾಜ್ಞೆ ಹಾಕಿದ್ರು. ನಮ್ಮ ಹತ್ರ ಇದ್ದದ್ದು ಒಣಮೀನಿನ ಬುಟ್ಟಿ. ಕಲ್ಲೂ ಇಲ್ಲ, ದೊಣ್ಣೆಯೂ ಇಲ್ಲ. ಶಿರಸಿಯ ಅಂಗಡಿಗೆ ಹಾಕಿದ ಔಷಧಿಯನ್ನೇ ನಮಗೂ ಹಾಕಿದ್ರೆ ಹೇಗೆ?

ದೇವಿಕೆರೆ ದಂಡೆ (ಶಿರಸಿ)

ಅದು ಬೇರೆ ವಿಷಯ. ನಿಮ್ಮ ಜೊತೆ ನಾನಿದ್ದೇನೆ.

ಅಂಜದೀವ್ ಮೊಮ್ಮಗ

ವಿಷಯ ಸ್ವಲ್ಪ ಆಚೀಚೆ ಆಗ್ತದೆ. ಬಿಣಗಾ ಕಡೆಯಿಂದ ನೋಡಿದ್ರೆ ಅಂಜದೀವ್ ದ್ವೀಪ ಕಾಣ್ತದಲ್ಲ. ನಕ್ಷೆಯಲ್ಲಿ ಗೋವಾದ್ದು, ಕಣ್ಣೆದುರು ಇರೋದು ನಮಗೆ. ಅಲ್ಲಿ ಹಳೇ ಇಗರ್ಜಿ (ಚರ್ಚ್) ಉಂಟು, ಫೆಬ್ರವರಿ 2ಕ್ಕೆ ಹಬ್ಬ. ನನ್ನ ಅಜ್ಜಿ ಹುಡುಗಿಯಾಗಿದ್ದಾಗ ದೋಣಿಯಲ್ಲಿ ಹೋಗಿ ಬರ್ತಿದ್ಲು. ಮೇಣದ ಬತ್ತಿಯನ್ನ ಸೆರಗಿನೊಳಗೆ ಮುಚ್ಚಿಟ್ಕೊಂಡು, ನೀರು ಹಾರಬಾರದಲ್ಲ. ದ್ವೀಪ ನೌಕಾಪಡೆಗೆ ಹೋದ ಮೇಲೆ ಅದೂ ನಿಂತಿತು. ನಮ್ಮ ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಕೇಳಲಿಲ್ಲ, ಭದ್ರತೆ ಅಂದ್ರೆ ಮುಗೀತು. ವರ್ಷಕ್ಕೆ ಒಂದು ದಿನ, ಹೆಸರು ಬರೆಸಿ, ಪರಿಶೀಲಿಸಿ, ಅವರದೇ ದೋಣಿಯಲ್ಲಿ ಕರ್ಕೊಂಡು ಹೋಗಬಹುದಾ ಅಂತ ಕೇಳಬಹುದಿತ್ತು ಅಂತ ಈಗ ಅನ್ನಿಸ್ತದೆ. ಅಜ್ಜಿ ಇಲ್ಲ.

ಅಂಕೋಲಾ ಮಾಜಿ ನಾವಿಕ

1961ರಲ್ಲಿ ಪೋರ್ಚುಗೀಸರಿಂದ ಆ ದ್ವೀಪ ತಗೊಳ್ಳುವಾಗ ನಮ್ಮ ನಾವಿಕರು ಪ್ರಾಣ ಕೊಟ್ಟಿದ್ದಾರೆ. ಅದೂ ನೆನಪಿರಲಿ. ಆದ್ರೆ ಕೇಳಬಹುದಿತ್ತು, ಹೌದು.

ಯಲ್ಲಾಪುರ_71

ಎಲ್ಲದಕ್ಕೂ ಸರ್ಕಾರವನ್ನೇ ಪ್ರಶ್ನೆ ಮಾಡೋದು ಒಂದು ಫ್ಯಾಷನ್ ಆಗಿದೆ ಈಗ.

ಗಂಗಾವಳಿ ಹುಡುಗಿ

ಈಗ ಅಲ್ಲ ಮಾಮ. 1930ರ ಏಪ್ರಿಲ್ 13ಕ್ಕೆ ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರು ಉಪ್ಪು ಮಾಡಿದಾಗಲೇ ಈ ಫ್ಯಾಷನ್ ಬಂದಿದೆ.

ದೊಡ್ಮನೆ ದಾರಿ (ಸಿದ್ದಾಪುರ)

ಕರನಿರಾಕರಣೆ ಸೇರಿಸು ತಂಗಿ. ಅಂಕೋಲೆ, ಸಿದ್ದಾಪುರದ ರೈತರ ಜಮೀನು ಜಪ್ತಿ ಆದದ್ದು, ಮಾವಿನಗುಂಡಿಯಲ್ಲಿ ಹೆಂಗಸರು ಉಪವಾಸ ಕೂತದ್ದು. ನಮ್ಮನೆ ಹಿತ್ತಾಳೆ ಹಂಡೆ ಅವಾಗ ಹೋದದ್ದು ಇನ್ನೂ ಬಂಜಿಲ್ಲೆ.

ಹೊಳೆದಂಡೆ ಭಟ್ರು

ಹಂಡೆ ಬಂದ್ರೆ ಹೇಳು, ಸ್ನಾನಕ್ಕೆ ಬತ್ತಿ.

ನಿವೃತ್ತ ಗುಮಾಸ್ತ

ಹಂಡೆ ಪಕ್ಕಕ್ಕಿಡಿ. ಕಚೇರಿಯಲ್ಲಿ 34 ವರ್ಷ ಟಪಾಲು ನೋಡಿದವನು ನಾನು, ಕೆಲಸಕ್ಕೆ ಬರುವ ಮಾತು ಹೇಳ್ತೇನೆ. ಬೈತಖೋಲದವರೇ, ಇಲ್ಲಿ ಬರೆದ ಹಾಗೆ ಕಥೆ ಬರೆದು ದೂರು ಕೊಡಬೇಡಿ. ಯಾವ ಜಾಗ, ಎಷ್ಟು ಗಂಟೆ, ಎಷ್ಟು ಜನ, ಬೈಕ್ ಯಾವ ಬಣ್ಣ, ನಂಬರಿನ ಎರಡು ಅಂಕೆ ನೆನಪಿದ್ದರೂ ಸಾಕು. ಹುಡುಗನೇ ಸಹಿ ಮಾಡಲಿ, ಅವನಿಗೆ 22, ಮಾವನ ಸಹಿ ಬೇಕಿಲ್ಲ. ಎರಡು ಪ್ರತಿ ತಗೊಂಡು ಹೋಗಿ, ನಿಮ್ಮ ಪ್ರತಿ ಮೇಲೆ ಸ್ವೀಕೃತಿ ಸೀಲು ಬೀಳುವವರೆಗೆ ಬೆಂಚಿಂದ ಏಳಬೇಡಿ.

ಜೊತೆಗೆ ಒಂದು ಮಾಹಿತಿ ಹಕ್ಕು ಅರ್ಜಿ. ಹತ್ತು ರೂಪಾಯಿ. ನಮ್ಮ ರಾಜ್ಯದಲ್ಲಿ 150 ಶಬ್ದದ ಒಳಗೆ, ಒಂದೇ ವಿಷಯ ಇರಬೇಕು, ಇಲ್ಲ ಅಂದ್ರೆ ವಾಪಸ್ ಬರ್ತದೆ. "ಯಾಕೆ ಮಾಡಿದಿರಿ" ಅಂತ ಕೇಳಬೇಡಿ, ಅದಕ್ಕೆ ಉತ್ತರ ಕೊಡೋದಿಲ್ಲ. "ಆ ದಿನ ಆ ಜಾಗದಲ್ಲಿ ಸಾರ್ವಜನಿಕರ ಮೊಬೈಲ್ ತಪಾಸಣೆಗೆ ಹೊರಡಿಸಿದ ಆದೇಶದ ಪ್ರತಿ ಕೊಡಿ" ಅಂತ ಕೇಳಿ. 30 ದಿನದಲ್ಲಿ ಒಂದೋ ಪ್ರತಿ ಬರ್ತದೆ, ಒಂದೋ ಅಂಥ ಆದೇಶ ಇಲ್ಲ ಅಂತ ಬರ್ತದೆ, ಒಂದೋ ಭದ್ರತೆಯ ಕಾರಣಕ್ಕೆ ಕೊಡೋಕಾಗೋದಿಲ್ಲ ಅಂತ 8ನೇ ಕಲಂ ತೋರಿಸ್ತಾರೆ. ಮೂರರಲ್ಲಿ ಯಾವುದು ಬಂದರೂ ನಿಮ್ಮ ಕೈಯಲ್ಲಿ ಒಂದು ಕಾಗದ ಆಯ್ತು. ಈಗ ಅವರ ಕಿಸೆಯಲ್ಲಿ ನಿಮ್ಮ ಹುಡುಗನ ಹೆಸರಿದೆ, ನಿಮ್ಮ ಹತ್ರ ಏನೂ ಇಲ್ಲ.

ಕುಮಟಾ ಕೋರ್ಟು

ಗುಮಾಸ್ತರು ನನ್ನ ಅರ್ಧ ಕೆಲಸ ಮಾಡಿದ್ರು. ದೂರಿನ ಒಂದು ಪ್ರತಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೂ ಕೊಡಿ, ವಕೀಲರ ನೆರವು ಉಚಿತವಾಗಿ ಸಿಗಬಹುದು. ಟ್ರ್ಯಾಶ್‌ನಲ್ಲಿ ಫೋಟೋ ಇದ್ದರೆ ಮೊದಲು ಆ ಪರದೆಯ ಸ್ಕ್ರೀನ್‌ಶಾಟ್ ತೆಗೆದಿಡಿ, ಆಮೇಲೆ ವಾಪಸ್ ತರಿಸಿ.

ಅಂಕೋಲಾ ಮಾಜಿ ನಾವಿಕ

ಕೊಡೋದಕ್ಕೆ ಹೋಗುವಾಗ ನನಗೊಂದು ಮಾತು ಹೇಳಿ. ಮಾಜಿ ಸೈನಿಕರ ಕಾರ್ಡ್ ಹಿಡ್ಕೊಂಡು ನಾನೂ ಬರ್ತೇನೆ. ತಪಾಸಣೆ ಬೇಡ ಅಂತ ನಾನು ಹೇಳೋದಿಲ್ಲ, ಈಗಲೂ. ಹೆಸರಿನ ಪಟ್ಟಿ ತೋರಿಸಿ, ಕಾಗದ ಕೊಟ್ಟು ಮಾಡಲಿ ಅಂತ ಹೇಳ್ತೇನೆ.

ಯಲ್ಲಾಪುರ_71

ನಾವಿಕರೂ ಆ ಕಡೆ ಹೋದ್ರಾ!

ಅಂಕೋಲಾ ಮಾಜಿ ನಾವಿಕ

ಯಾವ ಕಡೆಯೂ ಇಲ್ಲ ಮಾರಾಯ. ಹಡಗಿನ ಗೇಟಲ್ಲಿ ಕಾವಲಿಗೆ ನಿಂತವ ಯಾರನ್ನ ಒಳಗೆ ಬಿಟ್ಟೆ, ಯಾರನ್ನ ತಡೆದೆ ಅಂತ ಪುಸ್ತಕದಲ್ಲಿ ಬರೀಬೇಕು. ಅಡ್ಮಿರಲ್ ಬಂದರೂ ಬರೀಬೇಕು. ನಾನು ಕಲಿತ ಭದ್ರತೆ ಅದು.

ಬೈತಖೋಲದ ಬಲೆ (ನಾಲ್ಕು ದಿನದ ನಂತರ)

ತಡವಾಯ್ತು, ಕಡಲಿಗೆ ಹೋಗಿದ್ದೆವು.

ಟ್ರ್ಯಾಶ್‌ನಲ್ಲಿ 38 ಸಿಕ್ತು, ಸ್ಕ್ರೀನ್‌ಶಾಟ್ ತೆಗೆದಿಟ್ಟೆವು. ಮೂರು ಹೇಗೆ ಹೋಯ್ತು ಗೊತ್ತಿಲ್ಲ. ಎಂಜಿನ್ ಪ್ಲೇಟು ಇದೆ, ಹಾಗಾಗಿ ಸಬ್ಸಿಡಿ ಕಾಗದಕ್ಕೆ ತೊಂದರೆ ಇಲ್ಲ. ದೂರನ್ನ ಹುಡುಗನೇ ಬರೆದ. ವಾಯ್ಸ್ ಮೆಸೇಜ್ ವಿಷಯ ಹಾಕಬೇಕೋ ಬೇಡವೋ ಅಂತ ಆ ಹುಡುಗಿಯನ್ನ ಕೇಳಿಯೇ ಬರೆದ. ಅವಳು ಹಾಕು ಅಂದ್ಲಂತೆ, ಹೆಸರು ಬೇಡ ಅಂದ್ಲಂತೆ. ಹಾಗೇ ಮಾಡಿದ.

ನಾವಿಕರಣ್ಣ ಬಂದಿದ್ರು, ಇಸ್ತ್ರಿ ಹಾಕಿದ ಬಿಳಿ ಶರ್ಟಲ್ಲಿ. ಮೊದಲ ಸಲ "ಸಾಹೇಬರು ಇಲ್ಲ, ನಾಳೆ ಬನ್ನಿ" ಅಂದ್ರು. ನಾವು ಬೆಂಚಲ್ಲೇ ಕೂತೆವು. ಒಂದೂಮುಕ್ಕಾಲು ಗಂಟೆ ಆಯ್ತು. ಕೊನೆಗೆ ತಗೊಂಡ್ರು, ಸೀಲು ಒತ್ತಿದ್ರು. ಸೀಲಿನ ಪ್ಯಾಡ್ ಒಣಗಿ ಹೋಗಿತ್ತು, ತಾರೀಖು ಸರಿ ಮೂಡಿಲ್ಲ. ಮಾಹಿತಿ ಹಕ್ಕು ಅರ್ಜಿ 112 ಶಬ್ದ, ಹುಡುಗ ಎರಡು ಸಲ ಎಣಿಸಿದ.

ನಿವೃತ್ತ ಗುಮಾಸ್ತ

ತಾರೀಖು ಮೂಡಿಲ್ಲ ಅಂದ್ರೆ ಆ ಸೀಲು ಲೆಕ್ಕಕ್ಕಿಲ್ಲ. ಅದರ ಪಕ್ಕದಲ್ಲಿ ಪೆನ್ನಲ್ಲಿ ತಾರೀಖು ಬರೆಸಿ, ಚಿಕ್ಕ ಸಹಿ ಹಾಕಿಸಿಕೊಳ್ಳಿ. ನಾಳೆಯೇ ಹೋಗಿ.

ಬೈತಖೋಲದ ಬಲೆ

ನಾಳೆ ಬೆಳಿಗ್ಗೆ ಮೀನು ಇಳಿಸಿ ಹೋಗ್ತೇವೆ.

ಶೆಟ್ಲಿ ಪ್ರಿಯ

ಬಂಗಡೆ ರೇಟ್ ಎಷ್ಟು ನಡೀತಿದೆ?